ಪೆಟ್ರೋಲ್ ತಿನ್ನುವವರು ಮಣ್ಣಲ್ಲೇ ಇದ್ದಾರೆ

ಬಂಕಿನ ನೆಲದಡಿಯ ಟ್ಯಾಂಕ್ ಸೋರಿದರೆ ಪೆಟ್ರೋಲ್ ತಿನ್ನುವ ಬ್ಯಾಕ್ಟೀರಿಯಾ ತಂದು ಸುರಿಯಬಹುದಂತಲ್ಲ, ನಿಜವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಸುರಿಯಬಹುದು. ಆದರೆ ಬಹಳಷ್ಟು ಕಡೆ ತರುವ ಅಗತ್ಯವೇ ಬೀಳುವುದಿಲ್ಲ. ಸ್ಯೂಡೋಮೊನಾಸ್, ರೋಡೋಕಾಕಸ್‌ನಂಥವು ಮಣ್ಣಿನಲ್ಲಿ ಮೊದಲಿನಿಂದಲೂ ಇವೆ. ಪೆಟ್ರೋಲ್ ಸಿಕ್ಕಿದರೆ ತಾವಾಗಿ ಹೆಚ್ಚುತ್ತವೆ.

ಇದನ್ನು ನಂಬಿ ಕೆಲಸಕ್ಕಿಳಿದವರು ರಿಚರ್ಡ್ ರೇಮಂಡ್. 1972ರ ಹೊತ್ತಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಆಂಬ್ಲರ್ ಎಂಬಲ್ಲಿ ಪೈಪ್‌ಲೈನ್ ಸೋರಿ ಅಂತರ್ಜಲಕ್ಕೆ ಪೆಟ್ರೋಲ್ ಸೇರಿತ್ತು. ಪಂಪು ಹಾಕಿ ಎತ್ತಿದಷ್ಟು ಎತ್ತಿದರು, ಉಳಿದದ್ದು ಬಂಡೆಯ ಸಂದುಗಳಲ್ಲಿ ಕಚ್ಚಿಕೊಂಡಿತು. ಸನ್ ಆಯಿಲ್ ಕಂಪನಿಯ ರೇಮಂಡ್ ಹೊರಗಿನಿಂದ ಒಂದು ಬ್ಯಾಕ್ಟೀರಿಯಾವನ್ನೂ ತರಲಿಲ್ಲ. ಬಾವಿಗಳಿಗೆ ಗೊಬ್ಬರವಾಗಿ ಅಮೋನಿಯಂ ಸಲ್ಫೇಟ್ ಮತ್ತು ಫಾಸ್ಫೇಟ್ ಬಿಟ್ಟರು. ಪೇಂಟ್ ಸಿಂಪಡಿಸುವಂಥ ಪುಟ್ಟ ಕಂಪ್ರೆಸರ್‌ಗಳಿಂದ ಗಾಳಿ ಊದಿಸಿದರು. ಅಲ್ಲಿದ್ದ ಜೀವಿಗಳೇ ದಂಡಾಗಿ ಬೆಳೆದು ಕೆಲಸ ಮಾಡಿದವು. ನನಗೆ ಇಂದಿಗೂ ಅಚ್ಚುಮೆಚ್ಚಿನ ಪ್ರಯೋಗವಿದು.

ಗೊಬ್ಬರ ಏಕೆ? ಪೆಟ್ರೋಲಿನಲ್ಲಿ ಇಂಗಾಲ, ಜಲಜನಕ ಬೇಕಾದಷ್ಟಿದೆ. ಜೀವಕೋಶ ಕಟ್ಟಲು ಬೇಕಾದ ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ಲೆಕ್ಕ ಇನ್ನೂ ಬಿಗಿ. ಪೆಟ್ರೋಲಿನಲ್ಲಿರುವ ಬೆಂಜೀನಿನ ಉಂಗುರಕ್ಕೆ ಬ್ಯಾಕ್ಟೀರಿಯಾದ ಕಿಣ್ವ ಮೊದಲು ಆಮ್ಲಜನಕವನ್ನು ಅಂಟಿಸುತ್ತದೆ, ಆಮೇಲೆ ಉಂಗುರ ಬಿರಿಯುತ್ತದೆ. 1 ಗ್ರಾಂ ಬೆಂಜೀನ್ ಪೂರ್ತಿ ಒಡೆದು ನೀರು, ಇಂಗಾಲದ ಡೈಆಕ್ಸೈಡ್ ಆಗಲು ಸುಮಾರು 3 ಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8-9 ಮಿಲಿಗ್ರಾಂ. ಅಂದರೆ ಒಂದೇ ಗ್ರಾಮಿಗೆ 350 ಲೀಟರಿನಷ್ಟು ನೀರಿನ ಆಮ್ಲಜನಕ ಖಾಲಿ! ಆಮ್ಲಜನಕವಿಲ್ಲದೆ ಬದುಕುವ ಜೀವಿಗಳೂ ಬೆಂಜೀನನ್ನು ತಿನ್ನಬಲ್ಲವು, ಆದರೆ ಬಲು ನಿಧಾನ.

ಆದ್ದರಿಂದ ಪ್ಯಾಕೆಟ್ಟಿನಲ್ಲಿ ಬರುವ ಪವಾಡದ ಬ್ಯಾಕ್ಟೀರಿಯಾದ ಜಾಹೀರಾತನ್ನು ನಾನು ನಂಬುವುದಿಲ್ಲ. ಗಾಳಿಯಿಲ್ಲದ ಮಣ್ಣಿಗೆ ಹೊಸಬರನ್ನು ಸುರಿದರೆ ಅವರಿಗೂ ಉಸಿರಾಡಲು ಏನಿದೆ?

ನಮಗೀಗ ಹತ್ತಿರದ ಚಿಂತೆ ಎಥನಾಲ್. ನಮ್ಮ ಪೆಟ್ರೋಲಿಗೆ ಶೇ. 20ರವರೆಗೆ ಅದು ಬೆರೆತಿದೆ. ಹೋಳಿಗೆ ಎಲೆಗೆ ಬಿದ್ದ ಮೇಲೆ ಅನ್ನದ ಕಡೆ ಕೈ ಹೋಗುವುದು ತಡವೇ. ಸೂಕ್ಷ್ಮಜೀವಿಗಳೂ ಎಥನಾಲನ್ನೇ ಮೊದಲು ತಿಂದು, ಇದ್ದ ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. ಬೆಂಜೀನ್ ಹಾಗೆಯೇ ಉಳಿದು ನೀರಿನೊಂದಿಗೆ ದೂರ ಸಾಗುತ್ತದೆ. ಎಥನಾಲ್ ಬೆರೆಸುವುದರಲ್ಲಿ ಹಳಬರಾದ ಬ್ರೆಜಿಲಿನಲ್ಲಿ ಹೆನ್ರಿ ಕೊರ್ಸಿಯುಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು. ಹೀಗಾಗಿ ಬಂಕ್ ಸೋರಿದಾಗ ಪಕ್ಕದ ಬಾವಿಯೊಂದನ್ನೇ ನೋಡಿದರೆ ಸಾಲದು, ಅಂತರ್ಜಲ ಹರಿಯುವ ದಿಕ್ಕಿನ ದೂರದ ಬೋರ್‌ವೆಲ್‌ಗಳ ನೀರನ್ನೂ ಲ್ಯಾಬಿಗೆ ಕಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಬೆಂಜೀನಿಗೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅದು ಮೂಗಿಗೆ ಗೊತ್ತಾಗುವ ಪ್ರಮಾಣಕ್ಕಿಂತ ಎಷ್ಟೋ ಕೆಳಗಿದೆ.