ಏಳು ಮಂದಿಯ ಸಹಿ

ಹೋಟೆಲು ಕೆಲಸಗಾರರಲ್ಲಿ ಸಂಘದ ಮಾತೆತ್ತಿದೊಡನೆ ನಮಗೆ ಕೇಳಿಬರುವ ಉತ್ತರ ಬಹುಮಟ್ಟಿಗೆ ಒಂದೇ. “ನಮ್ಮ ಧನಿಗಳೇ ಊರಿನಿಂದ ಕರೆತಂದವರು, ಊಟವಿಕ್ಕಿದವರು, ಮಲಗಲು ಜಾಗ ಕೊಟ್ಟವರು, ಅವರೆದುರು ನಿಲ್ಲುವುದೆಂತು?” ಅನ್ನದ ಋಣದ ಈ ಸಂಕೋಚವನ್ನು ನಾವು ಹಗುರಾಗಿ ಕಾಣಲಾರೆವು. ಆದರೆ ಊಟ ವಸತಿಗಳು ದುಡಿಮೆಯ ಪ್ರತಿಫಲದ ಒಂದು ಭಾಗ. ಸಂಬಳ ಗೊತ್ತುಮಾಡುವಾಗ ಧನಿಗಳೂ ಅವನ್ನು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ. ಸಂಘವೆಂದರೆ ವೈರವೆಂದೇ ಏಕೆ ತಿಳಿಯಬೇಕು? ಒಬ್ಬೊಬ್ಬನಾಗಿ ಗಲ್ಲಾದ ಮುಂದೆ ತಲೆ ತಗ್ಗಿಸಿ ಬೇಡುವ ವಾರದ ರಜೆಯನ್ನು ಎಲ್ಲರೂ ಕೂಡಿ ಬರವಣಿಗೆಯಲ್ಲಿ ಕೇಳುವುದು, ಅಷ್ಟೆ.

ಹೀಗೆ ಕೂಡಿ ಕೇಳುವ ಹಕ್ಕು ಸುಲಭವಾಗಿ ದೊರೆತುದಲ್ಲ. 1918ರಲ್ಲಿ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದ್ರಾಸ್ ಲೇಬರ್ ಯೂನಿಯನ್ನನ್ನು ಕಟ್ಟಿದರು. ಎರಡು ವರ್ಷಗಳ ತರುವಾಯ ಕಂಪೆನಿಯವರು ಮುಖಂಡರ ಮೇಲೆಯೇ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಇಂತಹ ದಾವೆಗಳಿಂದ ರಕ್ಷಣೆ ಬೇಕೆಂದು ಎದ್ದ ಕೂಗಿನ ಫಲವೇ 1926ರ ಟ್ರೇಡ್ ಯೂನಿಯನ್ ಕಾಯಿದೆ. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ನೋಂದಣಿಯಾದ ಸಂಘಗಳಿಗೆ ಆ ರಕ್ಷಣೆ ಅದರಲ್ಲಿಯೂ ಉಳಿದಿದೆ.

ನೋಂದಣಿಯ ಅರ್ಜಿಗೆ ಏಳು ಮಂದಿಯ ಸಹಿ ಸಾಕು. ದೊಡ್ಡ ಸಂಸ್ಥೆಯಾದರೆ ಕೆಲಸಗಾರರಲ್ಲಿ ನೂರಕ್ಕೆ ಹತ್ತು ಪಾಲು ಅಥವಾ ಒಟ್ಟು ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಐದಾರು ಮಂದಿಯ ಸಣ್ಣ ಹೋಟೆಲಿನವರೂ ನಿರಾಶರಾಗಬೇಕಿಲ್ಲ. ಹಲವು ಹೋಟೆಲುಗಳವರು ಕೂಡಿ ಒಂದೇ ಸಂಘ ಕಟ್ಟಬಹುದು, ನೂರು ಸದಸ್ಯರಾದರೆ ಆಯಿತು.

ಇಲ್ಲಿ ಗುಮಾಸ್ತ ಮಿತ್ರರಿಗೆ ಒಂದು ಮಾತು. ಇಸ್ತ್ರಿಯ ಅಂಗಿ ತೊಟ್ಟು ಕುರ್ಚಿಯಲ್ಲಿ ಕುಳಿತವರು ಕಾರ್ಮಿಕರಲ್ಲವೆಂಬ ಭ್ರಮೆ ನಮ್ಮವರಲ್ಲಿ ಬಲವಾಗಿದೆ. ಕಾಯಿದೆ ಹಾಗೆನ್ನುವುದಿಲ್ಲ, ಅದರ ಅರ್ಥದಲ್ಲಿ ಗುಮಾಸ್ತನೂ ಕಾರ್ಮಿಕನೇ. ಹೋಟೆಲಿನ ಹುಡುಗರಿಗಾದರೋ ಲೇಖನಿ ಹಿಡಿಯಬಲ್ಲವನೊಬ್ಬನ ನೆರವು ಬೇಕೇ ಬೇಕು. ಸಂಘದ ಹೆಸರು, ಉದ್ದೇಶ, ಚಂದಾ, ಚುನಾವಣೆಯ ಕ್ರಮ, ಹಣದ ವಿನಿಯೋಗ, ಲೆಕ್ಕ ತಪಾಸಣೆ ಇವನ್ನು ವಿವರಿಸುವ ನಿಯಮಾವಳಿ, ಅದನ್ನು ಒಪ್ಪಿ ಅರ್ಜಿದಾರರಿಗೆ ಅಧಿಕಾರವಿತ್ತ ಠರಾವು, ಜೊತೆಗೆ ಅಫಿಡವಿಟ್ಟು, ಇಷ್ಟೂ ರಿಜಿಸ್ಟ್ರಾರರಿಗೆ ಸಲ್ಲಬೇಕು. ರಶೀದಿಯಿಲ್ಲದೆ ಒಂದು ರೂಪಾಯಿಯನ್ನೂ ಎತ್ತಬಾರದು. ಧನಿಗಳ ವಿರೋಧಕ್ಕಿಂತಲೂ ಲೆಕ್ಕದ ಜಗಳವೇ ಸಂಘಗಳಿಗೆ ಹೆಚ್ಚು ಮಾರಕವೆಂದು ನಮ್ಮ ಎಣಿಕೆ.

ಟ್ರೇ ಹಿಡಿದ ಕೈಗಳಿಂದ ಇದೆಲ್ಲ ಆದೀತೇ ಎನ್ನುವವರು ಕಾಫಿ ಹೌಸುಗಳನ್ನು ನೆನೆಯಲಿ. 1957ರಲ್ಲಿ ಕಾಫಿ ಮಂಡಳಿಯು ಅವನ್ನು ಮುಚ್ಚಲು ಹೊರಟಾಗ ಸಂಘಟಿತರಾಗಿದ್ದ ಕೆಲಸಗಾರರು, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ, ಸಹಕಾರಿ ಸಂಘಗಳನ್ನು ಕಟ್ಟಿ ತಾವೇ ನಡೆಸಲು ಮುಂದಾದರು. ಮೊದಲನೆಯ ಸಹಕಾರಿ ಸಂಘ ಹುಟ್ಟಿದುದು ನಮ್ಮ ಬೆಂಗಳೂರಿನಲ್ಲಿ.

ಸಂಘವಾದ ಮರುದಿನವೇ ಮುಷ್ಕರದ ಮಾತು ಬೇಡ. ಹದಿನಾಲ್ಕು ದಿನಗಳ ನೋಟೀಸಿಲ್ಲದ ಮುಷ್ಕರ ಕಾಯಿದೆಗೆ ವಿರುದ್ಧ. ಅರ್ಧಕ್ಕರ್ಧ ಮಂದಿ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಈಗ ಅದನ್ನು ಮುಷ್ಕರವೆಂದೇ ಎಣಿಸುತ್ತಾರೆ.

ಸಂಘ ಸೇರಿದರೆ ಕೆಲಸ ಹೋಗುವುದೆಂದು ಬೆದರಿಸುವುದೂ ಧನಿಗಳೇ ಎದುರು ಸಂಘವೊಂದನ್ನು ಹುಟ್ಟಿಸುವುದೂ ಕಾಯಿದೆಯ ದೃಷ್ಟಿಯಲ್ಲಿ ಅನುಚಿತ ವರ್ತನೆಗಳು. ಸಹಿ ಹಾಕಿದ ಏಳರಲ್ಲಿ ಮೂವರು ಹಿಂದೆಗೆದರೂ ಅಷ್ಟರಿಂದಲೇ ಅರ್ಜಿ ಅಸಿಂಧುವಾಗದು; ಆದರೂ ಏಳಕ್ಕೇ ನಿಲ್ಲದೆ ಹತ್ತು ಹನ್ನೆರಡು ಮಂದಿಯನ್ನು ಸೇರಿಸಿಕೊಳ್ಳುವುದು ಲೇಸು. ನ್ಯಾಯ ದೊರೆಯಲು ತಿಂಗಳುಗಳೇ ಹಿಡಿಯಬಹುದು. ಹೋಟೆಲಿನಲ್ಲಿಯೇ ಮಲಗುವವನಿಗೆ ಕೆಲಸ ಹೋದ ರಾತ್ರಿಯೇ ಸೂರೂ ಹೋಗುತ್ತದೆ. ಆದುದರಿಂದ ಅಂಥವನಿಗೆ ಯಾರ ಕೋಣೆಯಲ್ಲಿ ಚಾಪೆ, ಯಾರಲ್ಲಿ ಊಟ, ಊರಿಗೆ ಅವನು ಕಳುಹಿಸಬೇಕಾದ ಆ ತಿಂಗಳ ಹಣಕ್ಕೆ ಯಾರು ಹೊಣೆ ಎಂಬುದನ್ನು ಅರ್ಜಿಗೆ ಸಹಿ ಬೀಳುವ ಮೊದಲೇ ಕುಳಿತು ಗೊತ್ತುಮಾಡಿಕೊಳ್ಳಬೇಕು.