ಪ್ರಬಂಧಕ್ಕೆ ಅಂಕ ದೊರೆತ ಮೇಲೆ

ಪದವಿ ತರಗತಿಗಳಲ್ಲಿ ನಮ್ಮ ಮಕ್ಕಳು ಬರೆಯುವ ಪ್ರಬಂಧಗಳಿಗೆ ಬಹುತೇಕ ಒಬ್ಬರೇ ಓದುಗರು, ಅಂಕ ನೀಡುವ ಅಧ್ಯಾಪಕರು. ಆ ಬಳಿಕ ಅವು ಕಪಾಟು ಸೇರುತ್ತವೆ. ಆದರೆ ಅವುಗಳಲ್ಲಿ ಕಾಪಾಡಿಕೊಳ್ಳಬೇಕಾದ ಬರಹಗಳೂ ಇರುತ್ತವೆ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳ ಬಗೆಗೋ ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳ ಬಗೆಗೋ ವಿದ್ಯಾರ್ಥಿಯೊಬ್ಬ ಹಿರಿಯರನ್ನು ಕೇಳಿ, ಸ್ಥಳ ನೋಡಿ ಬರೆದ ಹತ್ತು ಪುಟಗಳು ಆ ಊರಿನ ಮಟ್ಟಿಗೆ ಅಮೂಲ್ಯ ದಾಖಲೆ. ತನ್ನ ನೆಲದ ವಿಚಾರವನ್ನು ಕನ್ನಡದಲ್ಲಿ ಹುಡುಕುವ ಕಿರಿಯ ವಿದ್ಯಾರ್ಥಿಗೆ ಅದು ದೊರೆಯುವಂತಾಗಬೇಕು.

ಅಂಥ ಬರಹವನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ಅಧಿಕಾರ ಯಾರದು? 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಂ ಪ್ರಕಾರ ಕೃತಿಯ ಮೊದಲ ಒಡೆಯನು ಸಾಮಾನ್ಯವಾಗಿ ಅದನ್ನು ಬರೆದವನೇ. ವಿದ್ಯಾರ್ಥಿ ಕಾಲೇಜಿನ ನೌಕರನಲ್ಲ. ಆದುದರಿಂದ ಆತ ಬರವಣಿಗೆಯ ಮೂಲಕ ಸಹಿ ಹಾಕಿ ಬಿಟ್ಟುಕೊಡದ ಹೊರತು ಹಕ್ಕು ಆತನಲ್ಲೇ ಉಳಿಯುತ್ತದೆ. ಇದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಈ ಹಕ್ಕು ಲೇಖಕನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ ಬಾಳುತ್ತದೆ. ಹಕ್ಕನ್ನು ಪರರಿಗೆ ವಹಿಸಿಕೊಟ್ಟರೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಂ ಲೇಖಕನಿಗೇ ಉಳಿಸಿದೆ.

ಆದರೆ ರಕ್ಷಣೆ ಇರುವುದು ಬರೆದ ರೂಪಕ್ಕೆ ಮಾತ್ರ, ವಿಷಯಕ್ಕಲ್ಲ. ನಾಟಕವೊಂದನ್ನು ಚಲನಚಿತ್ರ ಅನುಕರಿಸಿದೆಯೆಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ಒಬ್ಬ ಸುರಂಗದ ಬಗ್ಗೆ ಬರೆದನೆಂದು ಇನ್ನೊಬ್ಬ ಬರೆಯಬಾರದೆಂದಿಲ್ಲ. ಮೊದಲಿನವನ ವಾಕ್ಯಗಳನ್ನು ತನ್ನವೆಂದು ಒಪ್ಪಿಸಕೂಡದು, ಅಷ್ಟೆ.

ಪ್ರಕಟಣೆಗೆ ತಕ್ಕ ಕಾಲವೆಂದರೆ ಮೌಲ್ಯಮಾಪನ ಮುಗಿದ ಮೇಲೆ. ಅದಕ್ಕೂ ಮುನ್ನ ಹಂಚಿಕೊಂಡ ಪ್ರಬಂಧವನ್ನು ಸಹಪಾಠಿಯೊಬ್ಬ ನಕಲಿಸಿದರೆ, ಮೂಲ ಯಾರದೆಂಬ ಸಂಶಯ ಇಬ್ಬರ ಮೇಲೂ ಬೀಳುತ್ತದೆ. ಅಣ್ಣನ ಪ್ರಬಂಧವೆಂಬ ಸಲುಗೆಯಿಂದ ತಮ್ಮ ಅದನ್ನೇ ಒಪ್ಪಿಸಿದರೂ ಅದು ಕೃತಿಚೌರ್ಯವೇ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಗಳು ಸ್ನಾತಕೋತ್ತರ ಮತ್ತು ಮೇಲಿನ ಹಂತದ ಪ್ರಬಂಧಗಳಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ಶಿಕ್ಷೆ ವಿಧಿಸುವುದಿಲ್ಲ. ಹೋಲಿಕೆ 40ರೊಳಗಿದ್ದರೆ ಪ್ರಬಂಧವನ್ನು ತಿದ್ದಿ ಒಪ್ಪಿಸಬೇಕು. 60ರೊಳಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ಮೀರಿದರೆ ಆ ವ್ಯಾಸಂಗದ ನೋಂದಣಿಯೇ ರದ್ದಾಗುತ್ತದೆ.

ಎಲ್ಲಿ ಪ್ರಕಟಿಸಬೇಕೆಂಬುದೂ ವಿಚಾರಾರ್ಹ. ಕೆಲವು ತಾಣಗಳು ವಿದ್ಯಾರ್ಥಿಗಳ ಬರಹಗಳನ್ನು ಸಂಗ್ರಹಿಸಿ, ಅವುಗಳನ್ನು ಓದಲು ಇತರರಿಂದ ಚಂದಾ ಪಡೆಯುತ್ತವೆ. ‘ಒಪ್ಪಿಗೆ’ ಎಂಬ ಗುಂಡಿ ಒತ್ತಿದರೆ ಅದೂ ಕರಾರೇ. ಪ್ಲಸ್ ಟು ಮುಗಿಸಿ ಕಾಲೇಜು ಸೇರಿದ ಮಗುವಿಗೆ 18 ತುಂಬಿಲ್ಲದಿದ್ದರೆ ಕಾನೂನಿನಂತೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ. ಆದುದರಿಂದ ಹೆತ್ತವರು ಜೊತೆಗೆ ಕುಳಿತು ಷರತ್ತುಗಳನ್ನು ಓದುವುದು ಅಗತ್ಯ.

ಪ್ರಬಂಧದಲ್ಲಿ ಇತರರೂ ಇರುತ್ತಾರೆ. ಸುರಂಗ ತೋಡಿದ ಹಿರಿಯರು ತಮ್ಮ ಅನುಭವವನ್ನು ಹೇಳಿದ್ದು ತರಗತಿಯ ಬರಹಕ್ಕೆಂದು. ಲೋಕಕ್ಕೆ ಪ್ರಕಟಿಸುವಾಗ ಅವರ ಅನುಮತಿ ಕೇಳುವುದು ಮರ್ಯಾದೆ. ಫೋಟೋ ತೆಗೆದವರ ಒಪ್ಪಿಗೆ ಪಡೆಯಬೇಕು. ಗುಂಪಾಗಿ ಬರೆದಿದ್ದರೆ ಎಲ್ಲರೂ ಸಮ್ಮತಿಸಬೇಕು. ಹಾಜರಿ ಸಂಖ್ಯೆ, ದೂರವಾಣಿ, ಮನೆ ವಿಳಾಸ ಇದ್ದರೆ ಅಳಿಸಬೇಕು.

ಉಳಿದದ್ದು ಸುಲಭ. ಲೇಖಕರ ಹೆಸರು, ಬರೆದ ವರ್ಷ, ಆಧಾರ ಗ್ರಂಥಗಳು ಸ್ಪಷ್ಟವಾಗಿರಲಿ. ಹೆಸರು ಹೇಳಿ ಬಳಸಬಹುದು, ಮಾರಬಾರದು ಎಂಬಂಥ ಷರತ್ತುಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ಸಿದ್ಧ ಪರವಾನಗಿಗಳಿವೆ. ಒಮ್ಮೆ ಕೊಟ್ಟ ಆ ಪರವಾನಗಿಯನ್ನು ಹಿಂಪಡೆಯುವಂತಿಲ್ಲವಾದುದರಿಂದ ಯೋಚಿಸಿ ಆರಿಸಬೇಕು. ತಾಣಗಳು ಮುಚ್ಚಿಹೋಗುವುದೂ ಉಂಟು. ಆದಕಾರಣ ಮುದ್ರಿಸಿದ ಒಂದು ಪ್ರತಿಯನ್ನು ತಾನು ಕಲಿತ ಕನ್ನಡ ಶಾಲೆಯ ಗ್ರಂಥಾಲಯಕ್ಕೂ ತಲುಪಿಸಲಿ.