ಕೂರುವುದಕ್ಕೂ ಕಾನೂನು ಬೇಕಾಯಿತು!

ಹಬ್ಬದ ಸೀರೆಗೆಂದು ಅಂಗಡಿಗೆ ಹೋದರೆ ನಾವು ಆರಾಮವಾಗಿ ಕೂತುಬಿಡುತ್ತೇವೆ. "ಆ ಹಸಿರು ತೆಗೀಮ್ಮಾ, ಅದರ ಕೆಳಗಿಂದೂ ತೋರ್ಸು" ಅನ್ನುತ್ತಲೇ ಇರುತ್ತೇವೆ. ಮೂವತ್ತು ಸೀರೆ ಬಿಡಿಸಿ, ಸೆರಗು ತೋರಿಸಿ, ಮತ್ತೆ ಮಡಿಸಿಡುವ ಆ ಹುಡುಗಿ ಬೆಳಿಗ್ಗೆಯಿಂದ ಎಷ್ಟು ಹೊತ್ತು ನಿಂತಿದ್ದಾಳೆಂದು ಎಂದಾದರೂ ಯೋಚಿಸಿದ್ದೀರಾ, ಸೋದರಿಯರೇ?

ಕೇರಳದ ಅಂಗಡಿಗಳ ಹೆಂಗಸರು ಯೋಚಿಸಿದರು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಅವರು ಕೂರುವಂತಿರಲಿಲ್ಲ. ಗೋಡೆಗೆ ಒರಗಿದರೂ ಗದರಿಕೆ. ಎಷ್ಟೋ ಕಡೆ ಹೆಂಗಸರಿಗೆ ಶೌಚಾಲಯವೇ ಇಲ್ಲ. ಹಾಗಾಗಿ ಬಾಯಾರಿದರೂ ನೀರು ಕುಡಿಯದೆ ದಿನ ದೂಡುತ್ತಿದ್ದರು. ಕಾಲುಬಾವು, ಸೊಂಟನೋವು, ಉರಿಮೂತ್ರ ಎಲ್ಲವೂ ಸಂಬಳದ ಜೊತೆಗೇ ಮನೆಗೆ ಬರುತ್ತಿದ್ದವು!

1948ರ ಕಾರ್ಖಾನೆ ಕಾಯ್ದೆ, ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಆಸನವಿರಬೇಕು ಎಂದಿತ್ತು. ಆದರೆ ಅಂಗಡಿ ಕಾರ್ಖಾನೆಯಲ್ಲವಲ್ಲ! ಕಲ್ಲಿಕೋಟೆಯ ಮಿಠಾಯಿ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಇಂಥ ಹೆಂಗಸರನ್ನು ಸೇರಿಸಿ 'ಪೆಣ್‌ಕೂಟ್ಟು' ಎಂಬ ಸಂಘ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುರ್ಚಿ. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಯನ್ನು ತಿದ್ದಿ, ನೌಕರರಿಗೆ ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ಹಾದಿ ಹಿಡಿಯಿತು.

ಕೆಲಸವೆಂದರೆ ಸಂಬಳ ಮಾತ್ರವೇ?

ಸೀರೆ ಮಾರುವುದೂ ಒಂದು ವಿದ್ಯೆಯೇ. ನಿಮ್ಮ ಮೈಬಣ್ಣ, ಸಮಾರಂಭ, ಕೈಚೀಲದ ಭಾರ ಮೂರನ್ನೂ ಒಂದು ನೋಟದಲ್ಲಿ ಅಳೆದು ತಕ್ಕ ಸೀರೆಯನ್ನೇ ಎಳೆದು ತೆಗೆಯಬೇಕು. "ನೀವು ಹೇಳಿದ್ದೇ ಸರಿಯಾಯ್ತು ಕಣಮ್ಮ" ಎಂದು ಗಿರಾಕಿ ನಕ್ಕರೆ ಅವಳ ಮುಖವೂ ಅರಳುತ್ತದೆ. ಆದರೆ ಕಾಲು ಸಿಡಿಯುತ್ತಿದ್ದರೆ ಆ ಸಂತೋಷವೆಲ್ಲಿ? ತಾನೂ ಮನುಷ್ಯಳೆಂದು ಎದುರಿನವರು ಒಪ್ಪಿದಾಗಲೇ ದುಡಿಮೆಗೆ ಘನತೆ.

ನಾವೇನು ಮಾಡಬಹುದು?

* ಅಂಗಡಿಯ ಹುಡುಗಿ ಕೂತೇ ಮಾತಾಡಿದರೆ ಅದನ್ನು ಅಗೌರವ ಎಂದುಕೊಳ್ಳಬೇಡಿ.

* ಬಾಗಿಲು ಹಾಕುವ ಹೊತ್ತಿಗೆ ಹೋಗಿ "ಸುಮ್ನೆ ನೋಡ್ತೀವಿ" ಅನ್ನಬೇಡಿ.

* ಅವಳಿಗೆ ಸ್ಟೂಲು ಕಾಣದಿದ್ದರೆ ಗಲ್ಲಾಪೆಟ್ಟಿಗೆಯ ಬಳಿ ಒಂದು ಮಾತು ಕೇಳಿ. ನೌಕರಳ ಮಾತಿಗಿಂತ ಗಿರಾಕಿಯ ಮಾತು ಮಾಲೀಕರ ಕಿವಿಗೆ ಬೇಗ ಬೀಳುತ್ತದೆ.

ಕೊನೆಗೆ ಇನ್ನೊಂದು ಮಾತು. ನಮ್ಮ ಮನೆಯೂ ಯಾರಿಗೋ ಕೆಲಸದ ಜಾಗವೇ, ಅಲ್ಲವೇ? ಪಾತ್ರೆ ತೊಳೆಯಲು ಬರುವಾಕೆಗೆ ಕಾಫಿಯನ್ನೇನೋ ಕೊಡುತ್ತೇವೆ. ಅವಳು ಅದನ್ನು ಎಲ್ಲಿ ಕೂತು ಕುಡಿಯುತ್ತಾಳೆ? ಅವಸರವಾದರೆ ನಮ್ಮ ಶೌಚಾಲಯಕ್ಕೆ ಹೋಗಬಹುದೇ? ಕಲ್ಲಿಕೋಟೆಯವರ ಬೆನ್ನಿಗೆ ಸಂಘವಿತ್ತು, ಬಾಯಿಬಿಟ್ಟು ಕೇಳಿದರು. ನಮ್ಮ ಮನೆಗೆ ಬರುವಾಕೆ ಒಬ್ಬಳೇ, ಕೇಳಲು ಸಂಕೋಚ. ಅವಳು ಕೇಳುವ ತನಕ ಕಾಯುವುದು ಬೇಡ. ನಾಳೆ ಬೆಳಿಗ್ಗೆ ಅವಳು ಬಂದಾಗ ನಾವೇ ಒಂದು ಕುರ್ಚಿ ಎಳೆದು, "ಕೂತ್ಕೊಂಡು ಕುಡೀಮ್ಮಾ" ಅನ್ನೋಣ.